ಪಿಡುಗಿನ ಕಾಲದಲ್ಲಿ ಹಳೆಯ ರೋಗಿಗಳು

ಸಾಂಕ್ರಾಮಿಕ ಪಿಡುಗೊಂದು ಊರಿಗೆ ನುಗ್ಗಿದಾಗ ನಾವು ದಿನದಿನವೂ ಎಣಿಸುವುದು ಆ ರೋಗ ತಗುಲಿದವರನ್ನು ಮತ್ತು ಅದರಿಂದ ಮಡಿದವರನ್ನು. ಪಿಡುಗು ಬರುವ ಮೊದಲೇ ರೋಗಿಗಳಾಗಿದ್ದು, ಮಧುಮೇಹ, ರಕ್ತದ ಒತ್ತಡ, ಕ್ಷಯ, ಮೂತ್ರಪಿಂಡಗಳ ವೈಫಲ್ಯ ಮೊದಲಾದವುಗಳಿಗಾಗಿ ವರ್ಷಗಟ್ಟಲೆ ಔಷಧೋಪಚಾರವನ್ನೇ ನೆಚ್ಚಿಕೊಂಡವರು ಈ ಎಣಿಕೆಯಲ್ಲಿ ಕಾಣಿಸುವುದಿಲ್ಲ. ಇವರನ್ನು ಬಿಟ್ಟು ಮಾಡಿದ ಲೆಕ್ಕವು ಆಡಳಿತವನ್ನು ತಪ್ಪುದಾರಿಗೆ ಎಳೆಯುತ್ತದೆಂಬುದೇ ನನ್ನ ಅಭಿಪ್ರಾಯ.

ನಮ್ಮ ಸುಲ್ತಾನ್‌ಪೇಟೆಯಿಂದ ನಡೆದೇ ಹೋಗಬಹುದಾದ ದೂರದಲ್ಲಿ ವಿಕ್ಟೋರಿಯಾ ಆಸ್ಪತ್ರೆಯಿದೆ. 1900ರಲ್ಲಿ ಆರಂಭವಾದ ಈ ಆಸ್ಪತ್ರೆಯು ಪೇಟೆಯ ಕೂಲಿಕಾರರಿಗೂ ದೂರದ ಹಳ್ಳಿಗಳಿಂದ ಬರುವ ಬಡವರಿಗೂ ಆಸರೆ. 2020ರ ಮಾರ್ಚ್ ತಿಂಗಳಲ್ಲಿ ಇದನ್ನು ಕೋವಿಡ್ ರೋಗಿಗಳಿಗೇ ಮೀಸಲಿಡಲು ನಿರ್ಧರಿಸಲಾಯಿತು. ಸೋಂಕು ಇತರ ರೋಗಿಗಳಿಗೆ ಹರಡಬಾರದೆಂಬ ಕಾರಣದಿಂದ ಆ ನಿರ್ಧಾರ ಸರಿಯಾದುದೇ. ಆದರೆ ಅದೇ ಮಾರ್ಚ್ 25ರಿಂದ ದೇಶವೆಲ್ಲ ಸ್ತಬ್ಧವಾಯಿತು, ಬಸ್ಸುಗಳು ನಿಂತವು. ನಿತ್ಯದ ರೋಗಿಗೆ ಪರಿಚಿತ ಬಾಗಿಲು ಮುಚ್ಚಿದಂತೆಯೇ ಬೇರೊಂದು ಬಾಗಿಲನ್ನು ತಲಪುವ ದಾರಿಯೂ ಮುಚ್ಚಿತು.

ಕೆಲವು ವಾರಗಳ ಅಡಚಣೆಯಿಂದ ಅಂತಹ ಹಾನಿಯೇನು ಎಂದು ವಾಚಕರು ಕೇಳಬಹುದು. ಸದಾ ನೀರು ಬೀಳುತ್ತಿರುವ ತೊಟ್ಟಿಯೊಂದನ್ನು ಊಹಿಸಿಕೊಳ್ಳಿ. ಅದರ ತೂಬನ್ನು ವಾರಕ್ಕೆ ಎರಡು ಮೂರು ಬಾರಿ ಮಾತ್ರ ತೆರೆಯಲಾಗುತ್ತದೆ. ಒಂದು ಸಲ ತೆರೆಯುವುದು ತಪ್ಪಿದರೂ ನೀರು ಏರುತ್ತಲೇ ಹೋಗುತ್ತದೆ, ಏಕೆಂದರೆ ಒಳಹರಿವು ಯಾರಿಗಾಗಿಯೂ ನಿಲ್ಲುವುದಿಲ್ಲ. ಮೂತ್ರಪಿಂಡಗಳು ಕೆಟ್ಟವನ ಸ್ಥಿತಿ ಹೀಗೆಯೇ. ಪ್ರತಿಸಲ ಸುಮಾರು 4 ಗಂಟೆ ನಡೆಯುವ ಡಯಾಲಿಸಿಸ್ ತಪ್ಪಿದರೆ ನೀರಿನೊಡನೆ ಪೊಟ್ಯಾಸಿಯಂ ಸಹ ದೇಹದಲ್ಲಿ ಶೇಖರವಾಗಿ ಹೃದಯವೇ ನಿಂತುಹೋಗಬಹುದು. ಕ್ಷಯದ ಬಗೆ ಬೇರೆ. ಅದರ ಚಿಕಿತ್ಸೆ ಸಾಮಾನ್ಯವಾಗಿ ತಿಂಗಳುಗಟ್ಟಲೆ ನಡೆಯಬೇಕು. ನಡುವೆ ಬಿಟ್ಟರೆ ಔಷಧಕ್ಕೆ ಬಗ್ಗದ ರೋಗಾಣುಗಳು ತಲೆಯೆತ್ತಬಹುದು. ರಕ್ತದ ಒತ್ತಡವಾದರೋ ಸದ್ದಿಲ್ಲದೆ ಏರಿ, ತಿಂಗಳುಗಳ ಬಳಿಕ ಪಾರ್ಶ್ವವಾಯುವಾಗಿ ಎರಗಬಹುದು. ಆಗ ಅದನ್ನು ಪಿಡುಗಿನ ಖಾತೆಗೆ ಬರೆಯುವವರು ಯಾರು?

ಹಾನಿಯು ಕಣ್ಣಿಗೆ ಕಂಡ ಪ್ರಸಂಗವೂ ಉಂಟು. ಮಂಜೇಶ್ವರ, ಕಾಸರಗೋಡುಗಳ ಜನ ಬಹುಕಾಲದಿಂದ ಚಿಕಿತ್ಸೆಗಾಗಿ ಮಂಗಳೂರನ್ನು ಅವಲಂಬಿಸಿದವರು. 2020ರ ಮಾರ್ಚ್ ಕೊನೆಯಲ್ಲಿ ತಲಪಾಡಿಯ ಗಡಿಯನ್ನು ಕರ್ನಾಟಕವು ಮುಚ್ಚಿದಾಗ, ಸಕಾಲದಲ್ಲಿ ಆಸ್ಪತ್ರೆ ಸೇರಲಾಗದೆ ಹಲವರು ತೀರಿಕೊಂಡರೆಂದು ವರದಿಯಾಯಿತು. ಏಪ್ರಿಲ್ 1ರಂದು ಕೇರಳದ ಉಚ್ಚ ನ್ಯಾಯಾಲಯವು ತಡೆಯನ್ನು ತೆಗೆಸುವಂತೆ ಕೇಂದ್ರಕ್ಕೆ ಆದೇಶಿಸಿತು. ವಿವಾದವು ಸರ್ವೋಚ್ಚ ನ್ಯಾಯಾಲಯದವರೆಗೆ ಹೋಗಿ, ಏಪ್ರಿಲ್ 7ರ ವೇಳೆಗೆ ರೋಗಿಗಳನ್ನು ಬಿಡುವ ಕ್ರಮವೊಂದು ಒಪ್ಪಿತವಾಯಿತು. ಮೊದಲ ದಿನವೇ ಮಾಡಬಹುದಾಗಿದ್ದ ಏರ್ಪಾಟಿಗೆ ಎರಡು ನ್ಯಾಯಾಲಯಗಳು ಬೇಕಾದವು.

ಇದು ಒಂದು ಗಡಿಯ ಮಾತಲ್ಲ. ವಿಶ್ವ ಆರೋಗ್ಯ ಸಂಸ್ಥೆಯು 2020ರ ಮೇ ತಿಂಗಳಲ್ಲಿ 155 ದೇಶಗಳನ್ನು ವಿಚಾರಿಸಿದಾಗ, ರಕ್ತದ ಒತ್ತಡದ ಚಿಕಿತ್ಸೆಗೆ ಭಾಗಶಃ ಅಥವಾ ಪೂರ್ಣವಾಗಿ ಅಡ್ಡಿಯಾಗಿದೆಯೆಂದು ಶೇಕಡ 53 ದೇಶಗಳು ತಿಳಿಸಿದವು. ಭಾರತದಲ್ಲಿ 2019ರಲ್ಲಿ ಸುಮಾರು 24 ಲಕ್ಷ ಕ್ಷಯರೋಗಿಗಳು ದಾಖಲಾಗಿದ್ದರೆ, 2020ರಲ್ಲಿ ದಾಖಲಾದವರು ಸುಮಾರು 18 ಲಕ್ಷ. ರೋಗ ಒಂದೇ ವರ್ಷದಲ್ಲಿ ಅಷ್ಟು ಇಳಿಯಲಾರದು. ಇಳಿದದ್ದು ಮುಖ್ಯವಾಗಿ ನಮ್ಮ ದೃಷ್ಟಿಯ ವ್ಯಾಪ್ತಿ.

ಪಿಡುಗಿನ ನಡುವೆ ಆಸ್ಪತ್ರೆಗೆ ಬರುವುದೇ ಅಪಾಯವಲ್ಲವೆ ಎಂಬ ಆಕ್ಷೇಪಣೆ ನ್ಯಾಯವಾದದ್ದು. ಮಧುಮೇಹಿಗಳಲ್ಲಿ ಕೋವಿಡ್ ಉಲ್ಬಣಿಸುವ ಸಂಭವ ಹೆಚ್ಚೆಂಬುದು ಸಿದ್ಧವಾಗಿದೆ. ಆದುದರಿಂದಲೇ ಅವರಿದ್ದಲ್ಲಿಗೆ ಚಿಕಿತ್ಸೆ ಹೋಗಬೇಕು. ದೂರವಾಣಿಯ ಮೂಲಕ ವೈದ್ಯಸಲಹೆ ನೀಡುವ ನಿಯಮಗಳನ್ನು ಕೇಂದ್ರವು 2020ರ ಮಾರ್ಚ್ 25ರಂದೇ ಪ್ರಕಟಿಸಿತು. ಅದು ಒಳ್ಳೆಯ ಹೆಜ್ಜೆ. ಆದರೆ ದೂರವಾಣಿಯಿಂದ ರಕ್ತವನ್ನು ಸೋಸಲಾಗದು.

ಮಾಡಬೇಕಾದುದು ಮೂರು. ಚಿಕಿತ್ಸೆ ತಪ್ಪಬಾರದ ರೋಗಿಗಳ ಪಟ್ಟಿ ಪ್ರತಿ ವಾರ್ಡಿನಲ್ಲಿಯೂ ಮೊದಲೇ ಸಿದ್ಧವಿರಬೇಕು. ಒಂದು ಆಸ್ಪತ್ರೆಯನ್ನು ಪಿಡುಗಿಗೆ ಮೀಸಲಿಡುವ ಆಜ್ಞೆಯಲ್ಲಿಯೇ, ಅಲ್ಲಿನ ನಿತ್ಯರೋಗಿಗಳು ನಾಳೆ ಎಲ್ಲಿಗೆ, ಯಾವ ವಾಹನದಲ್ಲಿ ಹೋಗಬೇಕೆಂಬುದು ಬರೆದಿರಬೇಕು. ಎರಡು ಮೂರು ತಿಂಗಳ ಮಾತ್ರೆಗಳನ್ನು ಒಮ್ಮೆಗೇ ಮನೆಗೆ ತಲಪಿಸಬೇಕು.

1898ರಲ್ಲಿ ಬೆಂಗಳೂರಿಗೆ ಬಂದ ಪ್ಲೇಗು ಬಸವನಗುಡಿ, ಮಲ್ಲೇಶ್ವರಗಳ ಬೆಳವಣಿಗೆಗೆ ವೇಗವಿತ್ತಿತು. ಗಾಳಿ ಬೆಳಕುಗಳಿಗೆ ಎಡೆಯಿರಬೇಕೆಂಬ ಪಾಠ ಅಲ್ಲಿನ ಅಗಲವಾದ ಬೀದಿಗಳಲ್ಲಿ ಇಂದಿಗೂ ಉಳಿದಿದೆ. 2020ರ ಪಾಠವನ್ನು ಕಲ್ಲುಮಣ್ಣಿನಲ್ಲಿ ಕಟ್ಟಬೇಕಾಗಿಲ್ಲ. ಆಸ್ಪತ್ರೆಯ ದಫ್ತರದಲ್ಲಿ ಒಂದು ಪಟ್ಟಿಯಾಗಿ ಬರೆದಿಟ್ಟರೆ ಸಾಕು. ಮುಂದಿನ ಪಿಡುಗು ಬರುವ ಮೊದಲು ಅದನ್ನು ಬರೆದಿಡಬೇಕು.