ಯಾರು ಪರದೇಶಿ?

ಸೊಸುವಾ ಮತ್ತು ಕಬರೇತೆ ಎಂಬ ಊರುಗಳ ಹೆಸರನ್ನು ನಮ್ಮ ಕಡೆ ಕೇಳಿದವರು ಕಡಿಮೆ. ಆ ಭಾಗದ ದ್ವೀಪಗಳಲ್ಲಿ ಕ್ರಿಕೆಟ್ ಆಡುವವನ್ನಷ್ಟೇ ನಾವು ಬಲ್ಲೆವು. ಉಳಿದವುಗಳ ಲೆಕ್ಕ ನಮಗೆ ಬೇಕಾಗಿಲ್ಲ. ಡೊಮಿನಿಕನ್ ರಿಪಬ್ಲಿಕ್ ಬೇಸ್‌ಬಾಲ್ ಆಡುವ, ಸ್ಪ್ಯಾನಿಷ್ ಮಾತಾಡುವ ದೇಶ. ಹಿಸ್ಪಾನಿಯೋಲಾ ಎಂಬ ಒಂದೇ ದ್ವೀಪವನ್ನು ಅದು ಹೈಟಿಯೊಂದಿಗೆ ಹಂಚಿಕೊಂಡಿದೆ. ಪಶ್ಚಿಮದ ಸುಮಾರು ಮೂರನೆಯ ಒಂದು ಪಾಲು ಹೈಟಿಯದು, ಉಳಿದದ್ದು ಇವರದು. ಅದರ ಉತ್ತರ ದಡದಲ್ಲಿ, ಪ್ಯುವೆರ್ತೊ ಪ್ಲಾತಾ ಪಟ್ಟಣದ ಪೂರ್ವಕ್ಕೆ, ಒಂದರಿಂದೊಂದು ಹನ್ನೆರಡು ಹದಿಮೂರು ಕಿಲೋಮೀಟರ್ ದೂರದಲ್ಲಿ ಈ ಊರುಗಳಿವೆ. ಜಾಹೀರಾತುಗಳೆಲ್ಲ ‘ಕೆರಿಬಿಯನ್ ಕಡಲತೀರ’ ಎನ್ನುತ್ತವೆ. ಭೂಪಟ ತೆಗೆದು ನೋಡಿದರೆ ಎದುರಿಗಿರುವುದು ಅಟ್ಲಾಂಟಿಕ್ ಸಾಗರ. ಇಪ್ಪತ್ತೆಂಟು ವರ್ಷ ಸಮಾಜ ಪಾಠ ಮಾಡಿದವಳ ಕಣ್ಣಿಗೆ ಇದು ಬೀಳದೆ ಇರುತ್ತದೆಯೇ? ಆದರೆ ನನ್ನ ತಕರಾರು ಸಮುದ್ರದ ಹೆಸರಿನದಲ್ಲ, ಮನುಷ್ಯರ ಹೆಸರಿನದು.

2025ರ ಬೇಸಿಗೆ ರಜೆಯಲ್ಲಿ ಟೊರಾಂಟೊದಲ್ಲಿರುವ ಮಗಳ ಮನೆಗೆ ಹೋಗಿದ್ದೆ. ಏಪ್ರಿಲ್ ಮುಗಿಯುತ್ತ ಬಂದರೂ ಅಲ್ಲಿ ಕೋಟು ಬಿಚ್ಚುವಂತಿರಲಿಲ್ಲ. “ಒಂದು ವಾರ ಬಿಸಿಲಿಗೆ ಹೋಗಿ ಬರೋಣ ಅಮ್ಮ” ಎಂದು ಮಗಳು, ಅಳಿಯ ವಿಮಾನ, ವಸತಿ, ಊಟ ಎಲ್ಲ ಸೇರಿದ ಪ್ಯಾಕೇಜ್ ಒಂದನ್ನು ಗೊತ್ತುಮಾಡಿದರು. ಕೆನಡಾದ ಮಧ್ಯಮ ವರ್ಗದವರಿಗೆ ಇದು ನಮ್ಮವರು ಧರ್ಮಸ್ಥಳಕ್ಕೆ ಹೋಗಿಬಂದಷ್ಟೇ ಸಲೀಸು. ಹೋಟೆಲಿನಲ್ಲಿ ಕಂಕಣ ಕಟ್ಟಿದ ಹಾಗೆ ಕೈಗೊಂದು ಬಣ್ಣದ ಪಟ್ಟಿ ಕಟ್ಟಿದರು. ಅದಿದ್ದರೆ ಊಟ, ಪಾನಕ, ಕುರ್ಚಿ, ನೆರಳು ಎಲ್ಲವೂ ಕೇಳಿದ್ದೇ ತಡ. ಎರಡನೆಯ ದಿನಕ್ಕೇ ಬೇಸರ ಬಂತು. ಮಗಳನ್ನು ಎಬ್ಬಿಸಿಕೊಂಡು, ಗ್ವಾಗ್ವಾ ಎಂದು ಕರೆಯುವ ಮಿನಿಬಸ್ಸಿನಲ್ಲಿ ಎರಡೂ ಊರುಗಳ ನಡುವೆ ಓಡಾಡತೊಡಗಿದೆ. ನಮ್ಮ ಹಳ್ಳಿಯ ಟೆಂಪೋದ ಹಾಗೇ, ಜಾಗವಿಲ್ಲ ಎಂಬ ಮಾತು ಆ ಬಸ್ಸಿನಲ್ಲೂ ಇಲ್ಲ.

ಎರಡೂ ಊರುಗಳಲ್ಲಿ ಕೆನಡಾ, ಜರ್ಮನಿ, ಅಮೆರಿಕ, ಫ್ರಾನ್ಸ್‌ಗಳಿಂದ ಬಂದು ನೆಲೆಸಿದವರು ಬೇಕಾದಷ್ಟಿದ್ದಾರೆ. ಕಾಫಿ ಅಂಗಡಿಯಲ್ಲಿ ಕುಳಿತರೆ ಸಾಕು, ಅವರ ನಿತ್ಯದ ವ್ಯಾಜ್ಯ ಕಿವಿಗೆ ಬೀಳುತ್ತದೆ: ಯಾವ ಊರು ಮೇಲು? ಸೊಸುವಾದಲ್ಲಿ ನೀರು ಕೆರೆಯ ಹಾಗೆ ಶಾಂತ. ಕೊಲ್ಲಿಯ ಒಳಗೆ ಮಕ್ಕಳೂ ಈಜಬಹುದು. ಕಬರೇತೆಯಲ್ಲಿ ಗಾಳಿಯೇ ಬಂಡವಾಳ. 1980ರ ದಶಕದಲ್ಲಿ ಹಾಯಿ ಕಟ್ಟಿದ ಹಲಗೆಯ ಮೇಲೆ ನಿಂತು ತೇಲುವ ಆಟಗಾರರು ಅಲ್ಲಿಗೆ ಬಂದರು, ಆಮೇಲೆ ದೊಡ್ಡ ಗಾಳಿಪಟ ಹಿಡಿದು ಅಲೆಯ ಮೇಲೆ ಹಾರುವವರು ಬಂದರು. “ನಮ್ಮದು ಆರೋಗ್ಯವಂತರ ಊರು, ಸೊಸುವಾದ ಹಾಗಲ್ಲ” ಎಂದು ಕಬರೇತೆಯವರು ಮೂಗು ಮುರಿಯುತ್ತಾರೆ. “ಅವರಿಗೆ ಇರುವುದು ಒಂದೇ ರಸ್ತೆ, ದಿನವಿಡೀ ಲಾರಿ ಸದ್ದು, ಕಣ್ಣಿಗೆ ಮರಳು, ಬಾಡಿಗೆ ಬೇರೆ ದುಬಾರಿ” ಎಂದು ಸೊಸುವಾದವರ ಉತ್ತರ. ಸೊಸುವಾದ ಅಪಕೀರ್ತಿ ಏನೆಂದು ಬಿಡಿಸಿ ಹೇಳಬೇಕಾಗಿಲ್ಲ. ಮುದುಕರಾದ ವಿದೇಶಿ ಗಂಡಸರು ಬಡ ಹೆಣ್ಣುಮಕ್ಕಳನ್ನು ಹುಡುಕಿಕೊಂಡು ಬರುವ ಊರು ಅದು. ಈ ವ್ಯವಹಾರದ ಕುರಿತು ಡೆನಿಸ್ ಬ್ರೆನ್ನನ್ ಎಂಬ ಮಾನವಶಾಸ್ತ್ರಜ್ಞೆ 2004ರಲ್ಲಿ ಒಂದು ಪುಸ್ತಕವನ್ನೇ ಬರೆದಿದ್ದಾರೆ. ಆದರೆ ಆ ಗಂಡಸರ ಕೊಳಕನ್ನು ಊರಿನ ಹೆಸರಿಗೆ ಹಚ್ಚಿ ಪಕ್ಕದ ಊರಿನವರು ಮಡಿಯುಟ್ಟು ನಿಲ್ಲುವುದನ್ನು ಕಂಡಾಗ ನನಗೆ ನಗು ಬಂತು. ಹನ್ನೆರಡು ಕಿಲೋಮೀಟರ್ ಯಾರಿಗೆ ದೂರ?

ಸೊಸುವಾದಲ್ಲಿ ಒಬ್ಬ ನಿವೃತ್ತ ಶಿಕ್ಷಕಿಯ ಪರಿಚಯವಾಯಿತು. ಕೆನಡಾದವರು. ಕಸುಬು ಒಂದೇ ಆದ್ದರಿಂದ ಮಾತು ಬೇಗ ಕೂಡಿತು. ಸಜ್ಜನ ಹೆಂಗಸು, ಮನೆಗೆ ಕರೆದು ಚಹಾ ಕೊಟ್ಟರು. ಅವರ ಪಿಂಚಣಿಯಲ್ಲಿ ತಮ್ಮ ಊರಿನಲ್ಲಾದರೆ ಒಂದು ಕೋಣೆಯ ಮನೆ ಸಿಕ್ಕೀತು; ಇಲ್ಲಿ ಹೂದೋಟ, ಕೆಲಸದವಳು, ತೋಟ ನೋಡಿಕೊಳ್ಳುವವ ಎಲ್ಲ ಇದ್ದಾರೆ. “ನಾವು ಎಕ್ಸ್‌ಪ್ಯಾಟ್‌ಗಳು ಬಹಳ ಒಗ್ಗಟ್ಟಿನ ಜನ” ಎಂದರು. ಅಂಗಳದಲ್ಲಿ ಒಬ್ಬ ಹುಡುಗ ಹುಲ್ಲು ಕತ್ತರಿಸುತ್ತಿದ್ದ. ಅವನೂ ಬೇರೆ ದೇಶದಿಂದ ದುಡಿಮೆಗಾಗಿ ಬಂದವನೆಂದು ಅವರೇ ಹೇಳಿದ್ದರು. “ಹಾಗಾದರೆ ಅವನೂ ಎಕ್ಸ್‌ಪ್ಯಾಟ್ ಅಲ್ಲವೇ?” ಎಂದು ಕೇಳಿದೆ. ಅವರು ಕಣ್ಣರಳಿಸಿ, “ಅಯ್ಯೋ, ಇಲ್ಲ. ಅವನು ಹೈಟಿಯವನು” ಎಂದರು.

ಆ ಉತ್ತರದ ಬಗ್ಗೆಯೇ ನಾನು ಬರೆಯುತ್ತಿರುವುದು. ಹುಟ್ಟಿದ ನಾಡು ಬಿಟ್ಟು ಬಂದ ಇಬ್ಬರು ಒಂದೇ ಬೇಲಿಯ ಒಳಗಿದ್ದಾರೆ. ಒಬ್ಬರು ಕಡಿಮೆ ಖರ್ಚಿನ ಬದುಕನ್ನು ಹುಡುಕಿ ಬಂದವರು, ಇನ್ನೊಬ್ಬ ಬದುಕನ್ನೇ ಹುಡುಕಿ ಬಂದವನು. ಮೊದಲನೆಯವರಿಗೆ ಒಂದು ಮರ್ಯಾದೆಯ ಹೆಸರು. ಎರಡನೆಯವನಿಗೆ ‘ಅಕ್ರಮ’ ಎಂಬ ವಿಶೇಷಣ. ನಮ್ಮ ಕನ್ನಡ ಇದನ್ನು ಎಂದೋ ಕಂಡುಕೊಂಡಿದೆ. ‘ಪರದೇಶಿ’ ಎಂದರೆ ಬೇರೆ ದೇಶದವನು ಎಂದೂ ಆಗುತ್ತದೆ, ದಿಕ್ಕಿಲ್ಲದವನು ಎಂದೂ ಆಗುತ್ತದೆ. ಎರಡು ಅರ್ಥಗಳ ನಡುವೆ ಇರುವುದು ಜೇಬು ಮಾತ್ರ. 1838ರಿಂದ 1917ರವರೆಗೆ ಇದೇ ಕೆರಿಬಿಯನ್ ಭಾಗದ ಗಯಾನಾ, ಟ್ರಿನಿಡಾಡ್, ಸುರಿನಾಮ್, ಜಮೈಕಾಗಳ ಕಬ್ಬಿನ ಗದ್ದೆಗಳಿಗೆ ಸುಮಾರು ಐದು ಲಕ್ಷ ಭಾರತೀಯರನ್ನು ಕರಾರಿನ ಮೇಲೆ ಹಡಗೇರಿಸಿದರು. ಅವರನ್ನು ಕೂಲಿ ಎಂದರೇ ಹೊರತು ಎಕ್ಸ್‌ಪ್ಯಾಟ್ ಎಂದು ಯಾರೂ ಕರೆದದ್ದು ಕಾಣೆ.

ಉಳಿದ ಊರುಗಳು ಏನೇ ಹೇಳಿಕೊಳ್ಳಲಿ, ಸೊಸುವಾಕ್ಕಂತೂ ಈ ಭೇದ ಮಾಡುವ ಹಕ್ಕಿಲ್ಲ. ಈಗಿನ ಸೊಸುವಾ ಹುಟ್ಟಿದ್ದೇ ಶರಣಾರ್ಥಿಗಳಿಂದ. 1938ರ ಜುಲೈಯಲ್ಲಿ ಫ್ರಾನ್ಸಿನ ಎವಿಯಾಂ ಎಂಬಲ್ಲಿ 32 ದೇಶಗಳ ಪ್ರತಿನಿಧಿಗಳು ಸೇರಿ, ಹಿಟ್ಲರನಿಂದ ಓಡಿಬರುತ್ತಿದ್ದ ಯೆಹೂದ್ಯರನ್ನು ಯಾರು ಸೇರಿಸಿಕೊಳ್ಳುತ್ತೀರಿ ಎಂದು ಚರ್ಚಿಸಿದರು. ದೊಡ್ಡ ದೊಡ್ಡ ದೇಶಗಳು ಮರುಕ ತೋರಿಸಿ ಕೈತೊಳೆದುಕೊಂಡವು. ಒಂದು ಲಕ್ಷ ಜನರವರೆಗೆ ಬರಲಿ ಎಂದದ್ದು ಈ ಪುಟ್ಟ ಡೊಮಿನಿಕನ್ ರಿಪಬ್ಲಿಕ್. ಬಾಳೆ ಬೆಳೆಯುತ್ತಿದ್ದ ಯುನೈಟೆಡ್ ಫ್ರೂಟ್ ಕಂಪನಿ ಬಿಟ್ಟುಹೋಗಿದ್ದ ಜಮೀನಿನಲ್ಲಿ 1940ರಿಂದ ಏಳೆಂಟು ನೂರು ಮಂದಿ ಬಂದು ನೆಲೆಸಿದರು. ವಿಯೆನ್ನಾದ ಗುಮಾಸ್ತರು, ಬರ್ಲಿನ್ನಿನ ಅಂಗಡಿಕಾರರು ಹಾಲು ಕರೆಯುವುದನ್ನು ಕಲಿತರು. ಅವರು ಕಟ್ಟಿದ ಡೇರಿಯ ಬೆಣ್ಣೆ, ಚೀಸು ಇಡೀ ದೇಶಕ್ಕೆ ಹೆಸರಾಯಿತು. ಅವರ ಪುಟ್ಟ ಮರದ ಪ್ರಾರ್ಥನಾ ಮಂದಿರ ಇಂದಿಗೂ ಇದೆ. ಅವರಲ್ಲಿ ಹೆಚ್ಚಿನವರು ಯುದ್ಧ ಮುಗಿದ ಮೇಲೆ ಅಮೆರಿಕಕ್ಕೆ ಹೊರಟುಹೋದರು. 1980ರ ಸುಮಾರಿಗೆ ಪಕ್ಕದಲ್ಲೇ ವಿಮಾನ ನಿಲ್ದಾಣವಾಗಿ ಪ್ರವಾಸಿಗರು ಬಂದಿಳಿದರು.

ಎಂಥ ಔದಾರ್ಯ ಎನ್ನುವಿರಾ? ತಾಳಿ. ಕರೆದವನು ಸರ್ವಾಧಿಕಾರಿ ತ್ರುಹಿಯೋ. ಅದಕ್ಕೆ ಒಂಬತ್ತೇ ತಿಂಗಳ ಹಿಂದೆ, 1937ರ ಅಕ್ಟೋಬರಿನಲ್ಲಿ, ಅವನ ಸೈನಿಕರು ಗಡಿಯ ಊರುಗಳಲ್ಲಿದ್ದ ಸಾವಿರಾರು ಹೈಟಿಯನ್ನರನ್ನು ಮಚ್ಚಿನಿಂದ ಕೊಚ್ಚಿ ಹಾಕಿದ್ದರು. ಕೊತ್ತಂಬರಿಯಂಥ ಒಂದು ಸೊಪ್ಪನ್ನು ತೋರಿಸಿ ಹೆಸರು ಹೇಳೆಂದು ಕೇಳುತ್ತಿದ್ದರಂತೆ. ‘ಪೆರೆಹಿಲ್’ ಎಂಬ ಪದದ ‘ರ’ಕಾರ ಸ್ಪ್ಯಾನಿಷಿನವರಂತೆ ಹೊರಳದಿದ್ದರೆ ಅವನು ಹೈಟಿಯವನು. ಉಚ್ಚಾರ ತಪ್ಪಿದ ಮಕ್ಕಳನ್ನು ತಿದ್ದುವುದೇ ನನ್ನ ವೃತ್ತಿ. ಈ ಸಂಗತಿ ಓದಿದ ದಿನ ತರಗತಿಯಲ್ಲಿ ನನಗೆ ಪಾಠ ಮುಂದುವರಿಸಲಾಗಲಿಲ್ಲ. ಜಗತ್ತಿನ ಎದುರು ಆ ರಕ್ತವನ್ನು ತೊಳೆದುಕೊಳ್ಳಲು, ಜೊತೆಗೆ ದೇಶದ ಜನರ ಬಣ್ಣವನ್ನು ಒಂದಿಷ್ಟು ಬಿಳುಪು ಮಾಡಲು ತ್ರುಹಿಯೋಗೆ ಯುರೋಪಿನವರು ಬೇಕಾಗಿದ್ದರು. ಬಂದವರ ಜೀವ ಉಳಿಯಿತು, ಅದು ದೊಡ್ಡದೇ. ಆದರೆ ಯಾವ ಪರದೇಶಿ ಒಳಗೆ, ಯಾವ ಪರದೇಶಿ ಹೊರಗೆ ಎಂಬ ಲೆಕ್ಕ ಅಲ್ಲಿ ಆಗಲೇ ಬರೆದಾಗಿತ್ತು.

ಇವತ್ತಿಗೂ ಅದೇ ಲೆಕ್ಕ. ಸೊಸುವಾದ ಕೊಲ್ಲಿಯ ಒಂದು ತುದಿಗೆ ಲೋಸ್ ಚರಮಿಕೋಸ್, ಸ್ಥಳೀಯರ ಇಕ್ಕಟ್ಟಿನ ಕೇರಿ. ಇನ್ನೊಂದು ತುದಿಗೆ ವಿದೇಶಿಗರ ಮನೆ, ಹೋಟೆಲುಗಳಿರುವ ಎಲ್ ಬಾತೇಯ್. ಆ ದೇಶದಲ್ಲಿ ಸಾಮಾನ್ಯವಾಗಿ ‘ಬಾತೇಯ್’ ಎಂದರೆ ಕಬ್ಬು ಕಡಿಯುವ ಹೈಟಿಯ ಕೂಲಿಗಳ ವಸತಿಯ ಸಾಲು. ಇಲ್ಲಿ ಆ ಹೆಸರೂ ಸಾಹುಕಾರರ ಪಾಲಾಗಿದೆ.

ಕಾನೂನು ನೋಡಿ. 2007ರ ಒಂದು ಕಾಯಿದೆಯ ಪ್ರಕಾರ ತಿಂಗಳಿಗೆ 1,500 ಡಾಲರ್ ಪಿಂಚಣಿ ಬರುವ ವಿದೇಶಿಗನಿಗೆ ವಾಸದ ಪರವಾನಗಿ ಸುಲಭ, ಮೇಲೆ ತೆರಿಗೆಯ ರಿಯಾಯಿತಿ. ಪ್ರವಾಸೋದ್ಯಮಕ್ಕೆಂದು ಕಟ್ಟುವವರಿಗೆ 2001ರ ಕಾಯಿದೆಯಿಂದ ಇನ್ನಷ್ಟು ವಿನಾಯಿತಿ. ಆ ಕಟ್ಟಡಗಳಿಗೆ ಕಲ್ಲು ಹೊತ್ತವರಲ್ಲಿ ಬಹುಪಾಲು ಹೈಟಿಯವರು. 2013ರ ಸೆಪ್ಟೆಂಬರಿನಲ್ಲಿ ಅಲ್ಲಿನ ಸಂವಿಧಾನ ನ್ಯಾಯಾಲಯ, ಕಾಗದಪತ್ರವಿಲ್ಲದ ವಿದೇಶಿ ತಂದೆತಾಯಿಗಳಿಗೆ 1929ರಿಂದ ಈಚೆಗೆ ಹುಟ್ಟಿದವರು ಪೌರರೇ ಅಲ್ಲ ಎಂದು ತೀರ್ಪಿತ್ತಿತು. ಅಲ್ಲೇ ಹುಟ್ಟಿ, ಅಲ್ಲಿನ ಭಾಷೆಯಲ್ಲೇ ಓದಿದ ಲಕ್ಷಾಂತರ ಜನ ರಾತ್ರಿ ಬೆಳಗಾಗುವುದರೊಳಗೆ ಯಾವ ದೇಶಕ್ಕೂ ಸೇರದವರಾದರು. ಮರುವರ್ಷ ತಂದ ತಿದ್ದುಪಡಿ ಕೆಲವರಿಗೆ ಮಾತ್ರ ಆಸರೆಯಾಯಿತು. 2024ರ ಅಕ್ಟೋಬರಿನಲ್ಲಿ ವಾರಕ್ಕೆ ಹತ್ತು ಸಾವಿರ ಜನರವರೆಗೆ ಗಡಿಪಾರು ಮಾಡುವುದಾಗಿ ಸರಕಾರ ಸಾರಿತು. ಆ ಒಂದು ವರ್ಷದಲ್ಲೇ ಹೊರದೂಡಿದವರು 2.7 ಲಕ್ಷಕ್ಕೂ ಹೆಚ್ಚು. ನಾನು ಹೋಗುವ ಕೆಲವೇ ದಿನಗಳ ಮೊದಲು, 2025ರ ಏಪ್ರಿಲಿನಲ್ಲಿ, ಸರಕಾರಿ ಆಸ್ಪತ್ರೆಗಳಲ್ಲೂ ಕಾಗದ ಕೇಳುವ ನಿಯಮ ಬಂದಿತ್ತು. ಗರ್ಭಿಣಿಯರನ್ನೂ ಹಸಿ ಬಾಣಂತಿಯರನ್ನೂ ಅಲ್ಲಿಂದಲೇ ಗಡಿಗೆ ಸಾಗಿಸಿದರು. ಬಾಣಂತನ ಮಾಡಿದ ಯಾವ ತಾಯಿಗೂ ಇದನ್ನು ವಿವರಿಸಬೇಕಾಗಿಲ್ಲ.

ಕಬರೇತೆಯ ಹೆದ್ದಾರಿಯಲ್ಲಿ ಒಂದು ಬೆಳಿಗ್ಗೆ ಸುತ್ತ ಕಬ್ಬಿಣದ ಸರಳು ಹಾಕಿದ ಲಾರಿ ನಿಂತಿತ್ತು. ಒಳಗೆ ಜನ. ಕಾಲಲ್ಲಿ ಸಿಮೆಂಟಿನ ಬಿಳಿ ಒಣಗಿದ್ದುದು ಕಾಣುತ್ತಿತ್ತು; ಕೆಲಸಕ್ಕೆ ಹೊರಟವರನ್ನೇ ಹಿಡಿದಿರಬೇಕು. ಎದುರಿನ ಹೋಟೆಲಿನಲ್ಲಿ ತಿಂಡಿ ತಿನ್ನುತ್ತಿದ್ದವರು ಒಮ್ಮೆ ನೋಡಿ ಮತ್ತೆ ತಟ್ಟೆಗೆ ಬಾಗಿದರು. ಆ ದಿನ ಗಾಳಿ ಚೆನ್ನಾಗಿದೆಯೆಂದು ಯಾರೋ ಹೇಳಿದ್ದು ಕೇಳಿಸಿತು.

ಇದು ಆ ಸರಕಾರದ ಕೆಲಸ, ಬಂದು ನೆಲೆಸಿದವರದೇನು ತಪ್ಪು ಎಂದು ನನ್ನ ಅಳಿಯ ವಾದಿಸಿದರು. ಡೊಮಿನಿಕನ್ನರ ಕಷ್ಟ ನನಗೆ ತಿಳಿಯದ್ದಲ್ಲ. ಪಕ್ಕದ ಹೈಟಿಯಲ್ಲಿ ಬಂದೂಕಿನ ಗುಂಪುಗಳ ಆಳ್ವಿಕೆ. ಸಣ್ಣ ದೇಶ ಎಷ್ಟೆಂದು ಹೊತ್ತೀತು? ಹಳೆಯ ಗಾಯವೂ ಇದೆ. 1844ರಲ್ಲಿ ಅವರು ಸ್ವಾತಂತ್ರ್ಯ ಪಡೆದದ್ದು ಸ್ಪೇನಿನಿಂದಲ್ಲ, ಹೈಟಿಯಿಂದ. ತಮ್ಮ ನೆಲದ ಬಗ್ಗೆ ಡೊಮಿನಿಕನ್ನರು ಚಿಂತಿಸಲಿ, ಜಗಳವಾಡಲಿ, ಅದು ಅವರ ಮನೆಯ ಮಾತು. ನನ್ನ ಸಿಟ್ಟು ಬೇರೆಯವರ ಮೇಲೆ. ಸಂಜೆಯ ಹರಟೆಯಲ್ಲಿ “ಹೈಟಿಯವರು ತುಂಬಿಹೋಗಿದ್ದಾರೆ, ಊರು ಕೆಟ್ಟಿತು” ಎನ್ನುವ ಕೆನಡಾದವರ ಮೇಲೆ, ಜರ್ಮನಿಯವರ ಮೇಲೆ. ತುಂಬಿದವರಲ್ಲಿ ತಾವೂ ಸೇರಿದ್ದೇವೆ ಎಂಬುದು ಅವರಿಗೆ ಹೊಳೆಯುವುದೇ ಇಲ್ಲ. ಕಾಗದವಿಲ್ಲದವನು ಕಡಿಮೆ ಕೂಲಿಗೆ ಸಿಗುತ್ತಾನೆಂದು ಅವನನ್ನೇ ಹುಡುಕಿ ಗೋಡೆ ಕಟ್ಟಿಸಿಕೊಂಡವರು, ಕಾಗದವಿಲ್ಲವೆಂದು ಅವನನ್ನು ಹಿಡಿದೊಯ್ಯುವಾಗ ಆ ಗೋಡೆಯ ಹಿಂದೆ ಕೂರುತ್ತಾರೆ. ಉದ್ಯೋಗ ಕೊಟ್ಟೆವು ಎನ್ನುತ್ತಾರೆ. ಕೊಟ್ಟದ್ದು ನಿಜ. ಕೊಟ್ಟವರಿಗೆ ಜವಾಬ್ದಾರಿ ಇಲ್ಲವೇ?

ಅವರಿಗೆ ಕನಿಕರ ಇಲ್ಲವೆನ್ನಲಾರೆ. ಕಬರೇತೆಯಲ್ಲಿ ವಿದೇಶಿಗರು ಕೈಜೋಡಿಸಿ ಬಡಮಕ್ಕಳ ಓದಿಗಾಗಿ ನಡೆಸುವ ಸಂಸ್ಥೆಗಳಿವೆ. ಶಿಕ್ಷಕಿಯಾಗಿ ಅವರಿಗೆ ಕೈಮುಗಿಯುತ್ತೇನೆ. ಬೀದಿ ನಾಯಿಗಳಿಗೆ ಚುಚ್ಚುಮದ್ದು, ಶಸ್ತ್ರಚಿಕಿತ್ಸೆ ಮಾಡಿಸಲು ಎರಡೂ ಊರಿನವರು ಚಂದಾ ಎತ್ತುತ್ತಾರೆ. ನಾಯಿಗಾಗಿ ಸಭೆ ಸೇರಬಲ್ಲವರು ತಮ್ಮ ಮನೆ ಕಟ್ಟಿದ ಗಾರೆಯವನಿಗಾಗಿಯೂ ಒಮ್ಮೆ ಸೇರಲಿ. “ಇವನು ನಮ್ಮಲ್ಲಿ ಇಷ್ಟು ವರ್ಷ ದುಡಿದಿದ್ದಾನೆ, ಇವನ ಕಾಗದಪತ್ರದ ಖರ್ಚು ನಮ್ಮದು” ಎಂದು ಬರೆದುಕೊಂಡು ಹತ್ತು ಜನ ಕಚೇರಿಯ ಬಾಗಿಲಿಗೆ ಹೋಗಲಿ. ಸೊಸುವಾದವರು ಮೊದಲು ಹೋದರೆ ಸೊಸುವಾ ಮೇಲು, ಕಬರೇತೆಯವರು ಮೊದಲು ಹೋದರೆ ಕಬರೇತೆ.