ಕಮಾನು ಹಿಡಿಯುವ ಮುನ್ನ ಭುಜ ಸಡಿಲಿಸಿ

ವಿಶ್ವವಿಖ್ಯಾತ ಪಿಟೀಲು ವಾದಕ ಯೆಹೂದಿ ಮೆನುಹಿನ್ 1952ರಲ್ಲಿ ಭಾರತಕ್ಕೆ ಬಂದಾಗ ಅವರಿಗೆ 36ರ ಆಸುಪಾಸು. ಬಾಲ್ಯದಲ್ಲೇ ವೇದಿಕೆ ಏರಿದವರು. ಆದರೆ ಆ ಹೊತ್ತಿಗೆ ಮೈ ದಣಿದಿತ್ತು, ಕೈ ಮೊದಲಿನಷ್ಟು ಸಲೀಸಾಗಿ ಆಡುತ್ತಿರಲಿಲ್ಲ. ಮುಂಬಯಿಯಲ್ಲಿ ಅವರಿಗೆ ಯೋಗ ತೋರಿಸಿದವರು ಬಿ.ಕೆ.ಎಸ್. ಅಯ್ಯಂಗಾರ್. ಕೋಲಾರ ಜಿಲ್ಲೆಯ ಬೆಳ್ಳೂರಿನಲ್ಲಿ ಹುಟ್ಟಿ, ಮೈಸೂರಿನಲ್ಲಿ ಯೋಗ ಕಲಿತವರು. ಕೆಲವೇ ನಿಮಿಷವೆಂದು ಗೊತ್ತಾಗಿದ್ದ ಭೇಟಿ ಗಂಟೆಗಟ್ಟಲೆ ಬೆಳೆಯಿತು. ಮುಂದೆ ಮೆನುಹಿನ್ ಅವರನ್ನು ಸ್ವಿಟ್ಜರ್ಲೆಂಡಿಗೆ ಕರೆಸಿಕೊಂಡರು. ‘ನನ್ನ ಅತ್ಯುತ್ತಮ ಪಿಟೀಲು ಗುರುವಿಗೆ’ ಎಂಬ ಅರ್ಥದ ಮಾತು ಕೆತ್ತಿಸಿ ಗಡಿಯಾರ ಕೊಟ್ಟರು. ಅಯ್ಯಂಗಾರ್ ಅವರೋ ಪಿಟೀಲು ಕಲಿಸಿದವರೇ ಅಲ್ಲ!

ಇದರ ಗುಟ್ಟೇನು? ಬೆರಳನ್ನು ಮಡಿಸುವ ಮುಖ್ಯ ಸ್ನಾಯುಗಳು ಬೆರಳಿನಲ್ಲಿಲ್ಲ, ಮೊಣಕೈ ಮತ್ತು ಮಣಿಕಟ್ಟಿನ ನಡುವೆ ಇವೆ. ಅಲ್ಲಿಂದ ಹುರಿಯಂಥ ಸ್ನಾಯುರಜ್ಜುಗಳು ಬೆರಳನ್ನು ಎಳೆಯುತ್ತವೆ. ಎಡಗೈಯಿಂದ ಬಲಗೈಯ ಆ ಭಾಗವನ್ನು ಹಿಡಿದು, ಬಲಗೈ ಬೆರಳುಗಳನ್ನು ಮೇಜಿನ ಮೇಲೆ ಆಡಿಸಿ ನೋಡಿ. ಒಳಗೆ ಸ್ನಾಯುಗಳು ಮಿಸುಕುವುದು ತಿಳಿಯುತ್ತದೆ. ಈಗ ಭುಜವನ್ನು ಕಿವಿಯತ್ತ ಎತ್ತಿ, ತೋಳನ್ನೆಲ್ಲ ಬಿಗಿ ಮಾಡಿ ಮತ್ತೆ ಆಡಿಸಿ. ಬೆರಳಿನ ಚುರುಕು ಕುಗ್ಗುತ್ತದೆ.

ಸ್ನಾಯುಗಳು ಜೋಡಿಯಾಗಿ ದುಡಿಯುತ್ತವೆ. ಒಂದು ಕುಗ್ಗುವಾಗ ಎದುರಿನದು ಸಡಿಲಬೇಕು. ಎರಡೂ ಬಿಗಿದರೆ, ಬ್ರೇಕ್ ಹಿಡಿದುಕೊಂಡೇ ಸೈಕಲ್ ತುಳಿದಂತೆ. ಶ್ರಮ ಹೆಚ್ಚು, ಓಟ ಕಡಿಮೆ.

ಕಣ್ಣು ಮುಚ್ಚಿದರೂ ಬೆರಳು ಮೂಗಿನ ತುದಿಯನ್ನು ಮುಟ್ಟುತ್ತದಲ್ಲವೆ? ಸ್ನಾಯು, ಕೀಲುಗಳಲ್ಲಿರುವ ನರತುದಿಗಳು ಅಂಗಾಂಗಗಳ ಸ್ಥಿತಿಯನ್ನು ಮಿದುಳಿಗೆ ತಿಳಿಸುತ್ತಲೇ ಇರುತ್ತವೆ. ಆದರೆ ದಿನವೂ ಇರುವ ಬಿಗಿತ ಅಭ್ಯಾಸವಾಗಿ, ಗಮನಕ್ಕೇ ಬರುವುದಿಲ್ಲ. ಆಸನದಲ್ಲಿ ನಿಧಾನವಾಗಿ ನಿಂತು ಮೈಯನ್ನು ಗಮನಿಸುವುದರಿಂದ ಆ ಎಚ್ಚರ ಮರಳುತ್ತದೆ.

ಸಾಧನೆಗೆ ಕೂರುವ ಮುನ್ನ ಐದು ನಿಮಿಷ ಸಾಕು. ತಾಡಾಸನದಲ್ಲಿ ನಿಲ್ಲಿ. ಉಸಿರೆಳೆದುಕೊಳ್ಳುತ್ತ ಭುಜ ಎತ್ತಿ, ಬಿಡುತ್ತ ಇಳಿಸಿ. ಕೊನೆಗೆ ಕೊಂಚ ಹೊತ್ತು ಶವಾಸನ. ಸರಳೆ ವರಸೆ ನುಡಿಸುವಾಗಲೂ ನಡುನಡುವೆ ಕೇಳಿಕೊಳ್ಳಿ: ಹಲ್ಲು ಕಚ್ಚಿದ್ದೇನೆಯೇ? ಉಸಿರು ಹಿಡಿದಿದ್ದೇನೆಯೇ? ಹೆಬ್ಬೆರಳು ವೃಥಾ ಒತ್ತುತ್ತಿದೆಯೇ?

ಪೋಷಕರಿಗೂ ಒಂದು ಮಾತು. ಮಗು ಕೈ ನೋಯುತ್ತದೆ ಎಂದಾಗ ಅದು ಸೋಮಾರಿಯ ನೆಪವೆಂದು ಗದರಿಸಬೇಡಿ. ನೋವು ಸಾಧನೆಯ ಗುರುತಲ್ಲ. ದೇಹ ಕಳಿಸಿದ ಎಚ್ಚರಿಕೆ. ವಾದ್ಯ ಕೆಳಗಿಡಲಿ, ಗುರುಗಳು ಕೂರುವ ಭಂಗಿಯನ್ನು ನೋಡಲಿ. ನೋವು ಉಳಿದರೆ, ಬೆರಳು ಜೋಮು ಹಿಡಿದರೆ ವೈದ್ಯರಿಗೆ ತೋರಿಸಿ. ಯೋಗ ರಾಗಜ್ಞಾನ ಕೊಡದು, ಸಾಧನೆಯ ಬದಲಿಗೂ ನಿಲ್ಲದು. ಆದರೆ ಮಾಡಿದ ಸಾಧನೆ ಬಿಗಿದ ಭುಜದಲ್ಲೇ ಸೋರಿಹೋಗದಂತೆ ಕಾಯಬಲ್ಲದು.