ಹೂ ಅಮೆರಿಕದ್ದು, ಪಾಠ ನಮ್ಮದು

ನಡುವೆ ಕೆಂಪು, ಅಂಚಿಗೆ ಹಳದಿ. ಉದ್ಯಾನಗಳ ಪಾತಿಯಲ್ಲಿ ಬಿಸಿಲಿಗೂ ಬಾಡದೆ ನಗುವ ಗೈಲಾರ್ಡಿಯಾ ಹೂವನ್ನು ನೀವು ನೋಡಿರಬಹುದು. ಸೇವಂತಿಗೆ, ಸೂರ್ಯಕಾಂತಿಗಳ ಕುಟುಂಬಕ್ಕೆ ಸೇರಿದ ಗಿಡ. ನಾವು ಬೆಳೆಸುವುದು ಹೆಚ್ಚಾಗಿ ಒಂದೇ ವರ್ಷ ಬಾಳುವ ಜಾತಿ ಹಾಗೂ ಮಿಶ್ರತಳಿಗಳನ್ನು. ಇವುಗಳ ಬಹುವಾರ್ಷಿಕ ಬಂಧು ಗೈಲಾರ್ಡಿಯಾ ಅರಿಸ್ಟಾಟಾ, ಉತ್ತರ ಅಮೆರಿಕದ ಹುಲ್ಲುಬಯಲಿನ ಕಾಡುಹೂ. ಮೆರಿವೆದರ್ ಲೂಯಿಸ್ 1806ರಲ್ಲಿ ಸಂಗ್ರಹಿಸಿದ ಮಾದರಿಯನ್ನು ನೋಡಿ ಸಸ್ಯವಿಜ್ಞಾನಿ ಫ್ರೆಡರಿಕ್ ಪರ್ಷ್ 1814ರಲ್ಲಿ ಅದಕ್ಕೆ ಈ ಹೆಸರಿಟ್ಟ.

ಆ ಬಯಲಿನ ಒಣ ಭಾಗಗಳಲ್ಲಿ ವರ್ಷದ ಮಳೆ 350 ಮಿಲಿಮೀಟರ್ ಆಸುಪಾಸು. ನಮ್ಮ ಕೋಲಾರ ಜಿಲ್ಲೆಯ ಸರಾಸರಿ 700ಕ್ಕೂ ಹೆಚ್ಚು! ಅಲ್ಲಿ ಚಳಿ ಹೆಚ್ಚು, ಆವಿಯಾಗುವ ನೀರು ಕಡಿಮೆ, ನಿಜ. ಆದರೆ ಗಿಡದ ಜಾಣತನವೂ ಇದೆ. ಎಲೆಯ ಮೇಲಿನ ರೋಮ ನೀರಿನ ನಷ್ಟವನ್ನು ತಗ್ಗಿಸುತ್ತದೆ. ಮೇಲಿನ ಕಾಂಡ ಒಣಗಿದರೂ ಬೇರು ಸಾಯುವುದಿಲ್ಲ. ಕಾಲ ಕೂಡಿಬಂದಾಗ ಮತ್ತೆ ಚಿಗುರುತ್ತದೆ. ಇಂಥ ಗಿಡಗಳೂ ಹುಲ್ಲೂ ಸೇರಿ ವರ್ಷವಿಡೀ ಮಣ್ಣನ್ನು ಹಿಡಿದಿಡುತ್ತವೆ.

ಗೋಧಿಯ ಆಸೆಗೆ ಅಲ್ಲಿನವರು ಆ ಬಯಲನ್ನು ಉತ್ತರು. 1930ರ ದಶಕದಲ್ಲಿ ಬರ ಬಂದಾಗ ಹಿಡಿದಿಡುವ ಬೇರಿಲ್ಲದ ಮಣ್ಣು ಗಾಳಿಗೆ ಎದ್ದಿತು. 1935ರ ಏಪ್ರಿಲ್ 14ರಂದು ಎದ್ದ ಧೂಳು ಹಗಲನ್ನೇ ಕತ್ತಲಾಗಿಸಿತು. ಅದೇ ವರ್ಷ ಅಲ್ಲಿನ ಸರ್ಕಾರ ಮಣ್ಣಿನ ರಕ್ಷಣೆಗೆಂದೇ ಇಲಾಖೆ ತೆರೆಯಿತು.

ಮಣ್ಣಿನ ಬೆಲೆ ನಮಗೂ ಗೊತ್ತು. ಮಾಲೂರು ಇಟ್ಟಿಗೆ, ಹೆಂಚಿಗೆ ಹೆಸರಾದ ಊರಲ್ಲವೇ? ಆದರೆ ದಿಬ್ಬದಿಂದ ಮಳೆಗೆ ಕೊಚ್ಚಿಹೋಗುವ ಮೇಲ್ಮಣ್ಣಿಗೆ ಯಾರೂ ಲೆಕ್ಕ ಇಡುವುದಿಲ್ಲ. ಅದು ಕೆರೆಯಲ್ಲಿ ಹೂಳಾಗಿ ಕೂರುತ್ತದೆ. ಕೆರೆ ತುಂಬಿತೆಂದು ಹಿಗ್ಗುತ್ತೇವೆ, ತುಂಬಿದ್ದು ನೀರೋ ಮಣ್ಣೋ ನೋಡುವುದಿಲ್ಲ.

ಬೇರು ಆಳವಾಗಿದ್ದರೆ ಸಾಕೇ? ನೀಲಗಿರಿಯ ಬೇರೂ ಆಳವೇ. ಅದು ನೀರು ಹೀರುತ್ತದೆ, ಬುಡದಲ್ಲಿ ಹುಲ್ಲು ವಿರಳ. 2017ರಲ್ಲಿ ರಾಜ್ಯ ಸರ್ಕಾರ ಅದನ್ನು ನೆಡುವುದನ್ನೇ ನಿಷೇಧಿಸಿತು. ನೆಲಕ್ಕೆ ಬೇಕಾದದ್ದು ಒಂದೇ ಮರದ ತೋಪಲ್ಲ, ಹಲವು ಬೇರುಗಳ ಹೊದಿಕೆ.

ಅದಕ್ಕೆ ಅಮೆರಿಕದಿಂದ ಬೀಜ ತರಿಸಬೇಕಿಲ್ಲ. ಮುಳಬಾಗಿಲಿನ ಬಂಡೆಗಳ ಬದಿಯಲ್ಲಿ ಹಳದಿ ಹೂ ಬಿಡುವ ತಂಗಡಿ, ಗೋಮಾಳದ ಗರಿಕೆ, ಎರಡೂ ಬಹುವಾರ್ಷಿಕಗಳೇ. ಶ್ರೀನಿವಾಸಪುರದ ಮಾವಿನ ತೋಪುಗಳಲ್ಲಿ ಮರಗಳ ನಡುವಿನ ನೆಲವನ್ನು ಬೋಳು ಬಿಡದೆ ಹುರುಳಿ, ಅಲಸಂದೆ ಚೆಲ್ಲಬಹುದು. ಈ ಮಳೆಗಾಲದಲ್ಲಿ ಮಕ್ಕಳಿಗೊಂದು ಪ್ರಯೋಗ ಮಾಡಿಸಿ: ಬೋಳು ನೆಲದಿಂದ ಹರಿದ ನೀರು ಒಂದು ಲೋಟ, ಗರಿಕೆ ನೆಲದಿಂದ ಹರಿದದ್ದು ಇನ್ನೊಂದು ಲೋಟ. ಅರ್ಧ ಗಂಟೆ ಅಲುಗಿಸದೆ ಇಡಿ. ತಳದಲ್ಲಿ ನಿಂತ ಮಣ್ಣನ್ನು ಅವರೇ ಅಳೆಯಲಿ.